ಅಪ್ಪನನ್ನು ನೆನೆದು ನಗಬಹುದಾ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವ್ಲಿಯವರು, ಊರು ಉಡುಪಿ ಕಡೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಹುಡುಗನಾಗಿದ್ದಾಗ ಮುಂಬಯಿ ಫೋರ್ಟಿನ ಹೋಟೆಲಿಗೆ ಬಂದವರು, ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕ್ ಸೇರಿದರು. ಅವರಿದ್ದ ಕಡೆ ನಗು ಇರುತ್ತಿತ್ತು. ಲೋಕಲ್ ಟ್ರೇನಿನ ರಶ್‌ನಲ್ಲಿ, "ನನ್ನ ಬಲಗೈ ಯಾರ ಹತ್ರ ಇದೆ ನೋಡಿ ಮಾರಾಯ್ರೆ, ಠಾಣೆ ಬಂತು, ಬೆನ್ನು ತುರಿಸಬೇಕು" ಅಂದರೆ ಇಡೀ ಡಬ್ಬ ನಗುತ್ತಿತ್ತಂತೆ. ಮನೆಯ ಬೆಲ್ ಆದರೆ ಸಾಕು, "ಬಾಡಿಗೆ ಕೇಳ್ಲಿಕ್ಕೆ ಬಂದದ್ದಾದ್ರೆ ನಾವು ಊರಿಗೆ ಹೋಗಿದ್ದೇವೆ!" ಅಂತ ಕೂಗುತ್ತಿದ್ದರು. ಅಮ್ಮ ಅಡುಗೆಮನೆಯಿಂದ "ಊರಿಗೆ ಹೋದವರಿಗೆ ಚಾ ಬೇಕಾ?" ಅನ್ನುತ್ತಿದ್ದರು. ಈಗ ನನ್ನ ಒಂಬತ್ತು ವರ್ಷದ ಮಗ ಬೆಲ್ ಆದಾಗೆಲ್ಲ ಅಜ್ಜನ ಹಾಗೇ ಕೂಗುತ್ತಾನೆ. ಅಮ್ಮ ಎದ್ದು ಒಳಗೆ ಹೋಗುತ್ತಾರೆ.

ವರ್ಷಾಬ್ದಿಕ ಹತ್ತಿರ ಬರುತ್ತಿದೆ. ಮಾಟುಂಗದ ಮೈಸೂರು ಅಸೋಸಿಯೇಶನ್ ಹಾಲ್‌ನಲ್ಲಿ ಅಪ್ಪನ ತಮಾಷೆಗಳನ್ನೆಲ್ಲ ಹೇಳಿಸಬೇಕು ಅನ್ನುವುದು ತಮ್ಮನ ಆಸೆ. ಅಮ್ಮ "ಇದೇನು ನಾಟಕವಾ?" ಅಂತಾರೆ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಸತ್ತವರ ಹೆಸರಲ್ಲಿ ನಗಬಾರದು ಅಂದಿದ್ದಾರೆ. ಪುಣೆಯಲ್ಲಿರುವ ಅಣ್ಣ ಹ್ಞೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಚಿಕ್ಕವನಿದ್ದಾಗ ಅಪ್ಪ ಅವನನ್ನು 'ಸ್ಲೋ ಲೋಕಲ್' ಅಂತ ಕರೆಯುತ್ತಿದ್ದರು. ಇನ್ನೊಂದು ವಿಷಯ. ಅಪ್ಪನನ್ನು ಕಟ್ಟಡದ ಕೆಳಗೆ ವ್ಯಾನಿಗೆ ಇಡುವಾಗ ಅವರ ಟ್ರೇನ್ ಗೆಳೆಯರೊಬ್ಬರು, "ಮೂವತ್ತು ವರ್ಷ ನಿಂತ್ಕೊಂಡೇ ಬಂದ್ರು, ಇವತ್ತು ಮಲಗಿಕೊಂಡು ಹೊರಟ್ರು" ಅಂದು ಅತ್ತುಬಿಟ್ಟರು. ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ಎಂಟು ತಿಂಗಳಿಂದ ಅದು ನನ್ನನ್ನು ಕಾಡುತ್ತಿದೆ. ನಾವು ಮಾಡುತ್ತಿರುವುದು ಸರಿಯಾ?

ಉತ್ತರ:

ಹಾಲ್ ವಿಷಯ ಆಮೇಲೆ ಮಾತಾಡೋಣ. ಮೊದಲು ಅಮ್ಮನ ವಿಷಯ. ಉಳಿದ ಎಲ್ಲದಕ್ಕೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಬೆಲ್ ಆದಾಗಿನ ಆ ಮಾತನ್ನು ನೀವು ಅಪ್ಪನ ತಮಾಷೆ ಅಂತ ಬರೆದಿದ್ದೀರಿ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಅದು ಅಪ್ಪ ಒಬ್ಬರದೇ ತಮಾಷೆ ಅಲ್ಲ. ಅರ್ಧ ಅವರದು, ಇನ್ನರ್ಧ ಅಮ್ಮನದು. ಅವರು ಎತ್ತಿಕೊಡುತ್ತಿದ್ದರು, ಇವರು ಮುಗಿಸುತ್ತಿದ್ದರು. ನಗು ಬರುತ್ತಿದ್ದದ್ದು ನಿಜವಾಗಿ ಅಮ್ಮನ ಮಾತಿಗೆ. ಈಗ ಮೊಮ್ಮಗ ಮೊದಲ ಅರ್ಧ ಕೂಗುತ್ತಾನೆ, ಇಡೀ ಮನೆ ಅಜ್ಜನನ್ನು ನೆನೆಸಿಕೊಂಡು ಖುಷಿಪಡುತ್ತದೆ. ಆ ಹೊತ್ತಿಗೆ ಸರಿಯಾಗಿ ಅಮ್ಮನ ಬಾಯಿಗೆ ಅವರ ಮಾತು ಬಂದು ನಿಲ್ಲುತ್ತದೆ. ಅದನ್ನು ಹೇಳಲೂ ಆಗುವುದಿಲ್ಲ, ನುಂಗಲೂ ಆಗುವುದಿಲ್ಲ. ಒಳಗೆ ಎದ್ದು ಹೋಗದೆ ಇನ್ನೇನು ಮಾಡಬೇಕು ಅವರು?

ನಗಿಸುವ ಗಂಡಸು ಹೋದ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಊರವರೆಲ್ಲ ಅವರ ಮಾತು ನೆನೆಸಿಕೊಳ್ಳುತ್ತಾರೆ. ಹೆಂಡತಿಯನ್ನು ನೋಡಿ, "ಪುಣ್ಯ ಮಾಡಿದ್ರಿ, ದಿನಾ ನಗ್ತಾ ಇದ್ರಿ" ಅನ್ನುತ್ತಾರೆ. ಆ ನಗುವಿನಲ್ಲಿ ಆಕೆಯ ಪಾಲು ಎಷ್ಟಿತ್ತು ಅಂತ ಯಾರೂ ಕೇಳುವುದಿಲ್ಲ. ಆಕೆ ಬರೀ ನಗುತ್ತಿದ್ದವಳು ಅಂತ ಲೆಕ್ಕ. ಎಷ್ಟೋ ಮನೆಗಳಲ್ಲಿ ಗಂಡನ ಮಾತಿಗೆ ಕಳೆ ಬರುತ್ತಿದ್ದದ್ದು ಹೆಂಡತಿ ಮುಖ ಸಿಂಡರಿಸಿಕೊಂಡು ನಿಲ್ಲುತ್ತಿದ್ದರಿಂದ. ಅದು ಇಬ್ಬರೂ ಕೂಡಿ ವರ್ಷಗಟ್ಟಲೆ ಮಾಡಿದ ಕೆಲಸ. ಜೊತೆಗಾರ ಹೋದ ಮೇಲೆ ಆ ಕೆಲಸವೂ ನಿಂತುಹೋಯಿತು.

ಹಾಗಾಗಿ ಅಮ್ಮನಿಗೆ "ಸ್ವಲ್ಪ ನಗಮ್ಮ, ಅಪ್ಪನಿಗೂ ಅದೇ ಇಷ್ಟ ಇತ್ತು" ಅಂತ ಹೇಳಬೇಡಿ. ಈ ಮಾತು ಒಳ್ಳೆಯ ಮನಸ್ಸಿನಿಂದ ಬರುತ್ತದೆ, ಆದರೆ ಕೇಳುವವರಿಗೆ ಅಪ್ಪಣೆ ಕೊಟ್ಟ ಹಾಗೆ ಕೇಳಿಸುತ್ತದೆ. ಅವರ ಪಾಲಿನ ಮಾತನ್ನು ನೀವು ಯಾರೂ ತುಂಬಿಸಿಕೊಡಲೂ ಹೋಗಬೇಡಿ. ಅಮ್ಮ ಸುಮ್ಮನಿದ್ದಾರೆ ಅಂತ ಅಡುಗೆಮನೆಯಿಂದ ನೀವು "ಚಾ ಬೇಕಾ?" ಅಂದರೆ ಅವರಿಗೆ ಇನ್ನೂ ಜಾಸ್ತಿ ನೋವಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಕೇಳಿ. ಎಲ್ಲರ ಎದುರು ಬೇಡ. ಮಧ್ಯಾಹ್ನ ಇಬ್ಬರೇ ಇದ್ದಾಗ, ಬಸಳೆ ಸೋಸುತ್ತಲೋ ಬಟ್ಟೆ ಮಡಚುತ್ತಲೋ ಕೈಗೆ ಕೆಲಸ ಇದ್ದಾಗ ಕೇಳಿ. ಎದುರು ಕೂತು ಮುಖ ನೋಡಿಕೊಂಡು ಕೇಳಿದರೆ ನಮ್ಮ ಹಿರಿಯರು ಬಾಯಿ ಬಿಡುವುದಿಲ್ಲ. "ಅಮ್ಮ, ಆ ಬಾಡಿಗೆ ಮಾತು ಶುರುವಾದದ್ದು ಹೇಗೆ?" ಅಷ್ಟು ಸಾಕು. ನನಗೆ ಅನ್ನಿಸುವುದು, ಅದರ ಹಿಂದೆ ನಿಜವಾದ ಬಾಡಿಗೆಯ ಕಥೆಯೇ ಒಂದು ಇದ್ದೀತು. ಹೋಟೆಲಿನಿಂದ ಬ್ಯಾಂಕಿಗೆ ಬಂದು, ಹೊಸದಾಗಿ ಸಂಸಾರ ಹೂಡಿದ ಹುಡುಗ. ಒಂದು ರೂಮು. ತಿಂಗಳ ಕೊನೆ, ಬಾಗಿಲು ತಟ್ಟುವ ಸದ್ದು. ಆಗ ಇಬ್ಬರೂ ಉಸಿರು ಹಿಡಿದು ಕೂತಿದ್ದಿರಬಹುದು. ಮುಂದೆ ಸ್ವಂತ ಫ್ಲ್ಯಾಟ್ ಆದ ಮೇಲೆ ಅದೇ ಹೆದರಿಕೆಯನ್ನು ನಗೆ ಮಾಡಿಕೊಂಡಿದ್ದಿರಬಹುದು. ನನ್ನ ಊಹೆ ಸುಳ್ಳಿರಬಹುದು, ಬೇರೆಯೇ ಏನೋ ಇರಬಹುದು. ಆದರೆ ಅದು ಗೊತ್ತಿರುವುದು ಈಗ ಅಮ್ಮ ಒಬ್ಬರಿಗೇ. ಮಕ್ಕಳಿಗೆ ತಮಾಷೆ ಗೊತ್ತು. ಅದು ಹುಟ್ಟಿದ್ದು ಎಲ್ಲಿ ಅಂತ ಗೊತ್ತಿರುವುದು ಹೆಂಡತಿಗೆ. ಅದನ್ನು ಹೇಳುವಾಗ ಅವರು ಅತ್ತರೆ ಅಳಲಿ, ನಕ್ಕರೆ ನಗಲಿ. ನೀವು ಸೊಪ್ಪು ಸೋಸುತ್ತಾ ಇರಿ.

ಒಂದು ಎಚ್ಚರ ಇಲ್ಲೇ ಹೇಳುತ್ತೇನೆ. ಎಂಟು ತಿಂಗಳಲ್ಲಿ ಅಮ್ಮ ಅಳುವುದು, ಎದ್ದು ಹೋಗುವುದು ಯಾವುದೂ ರೋಗ ಅಲ್ಲ. ಆದರೆ ಊಟ, ನಿದ್ದೆ ಕೆಟ್ಟೇ ಹೋಗಿದ್ದರೆ, ಯಾರ ಜೊತೆಗೂ ಮಾತು ಬೇಡ ಅನ್ನುತ್ತಿದ್ದರೆ, ದಿನವಿಡೀ ಅದೇ ಹಂಬಲ ಒಂದಿಷ್ಟೂ ಸಡಿಲವಾಗದಿದ್ದರೆ ಮನೋವೈದ್ಯರಿಗೆ ತೋರಿಸಿ. ದುಃಖ ಹೀಗೆ ಗಟ್ಟಿಯಾಗಿ ನಿಂತುಬಿಡುವುದನ್ನು ವೈದ್ಯರು ಈಗ ಬೇರೆಯೇ ಒಂದು ಸಮಸ್ಯೆ ಅಂತ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಕನಿಷ್ಠ ಆರು ತಿಂಗಳ ಗಡುವು ಇಟ್ಟಿದೆ, ಅಮೆರಿಕದ ಮನೋವೈದ್ಯರ ಸಂಘ ದೊಡ್ಡವರಿಗೆ ಒಂದು ವರ್ಷ ಇಟ್ಟಿದೆ. "ನನ್ನನ್ನೂ ಕರ್ಕೊಂಡು ಹೋಗಬಾರದಿತ್ತಾ" ಅನ್ನುವ ಮಾತು ಪದೇ ಪದೇ ಬಂದರೆ ಮಾತ್ರ ಯಾವ ತಿಂಗಳ ಲೆಕ್ಕವೂ ಬೇಡ, ಅವತ್ತೇ ಯಾರನ್ನಾದರೂ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಇನ್ನು ನೀವು ನಕ್ಕದ್ದು. ಇದಕ್ಕಾಗಿ ಎಂಟು ತಿಂಗಳು ಒದ್ದಾಡಿದ್ದೀರಿ ಅಂತ ಓದಿ ನಿಜವಾಗಿಯೂ ಬೇಜಾರಾಯಿತು. ಡೊಂಬಿವ್ಲಿಯಿಂದ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ ಸುಮಾರು 48 ಕಿಲೋಮೀಟರ್. ಅಷ್ಟು ದೂರ, ದಿನಕ್ಕೆರಡು ಸಲ, ಮೂವತ್ತು ವರ್ಷ ನಿಂತುಕೊಂಡು ಹೋದ ಮನುಷ್ಯನ ಬಗ್ಗೆ ಪಕ್ಕದಲ್ಲೇ ನಿಂತು ಹೋದವರು ಆಡಿದ ಮಾತು ಅದು. ನಿಮ್ಮ ಅಪ್ಪನೇ ಹೇಳಬಹುದಾಗಿದ್ದ ಮಾತು. ಅದು ಕಿವಿಗೆ ಬಿದ್ದ ಆ ಗಳಿಗೆಯಲ್ಲಿ ನಿಮಗೆ ಅಪ್ಪನೇ ಮಾತಾಡಿದ ಹಾಗಾಯಿತು, ಅದಕ್ಕೇ ನಕ್ಕಿರಿ. ಆ ಗೆಳೆಯರು ಅತ್ತದ್ದೂ ನೀವು ನಕ್ಕದ್ದೂ ಒಂದೇ ಕಾರಣಕ್ಕೆ.

ನಮ್ಮಲ್ಲಿ ಒಂದು ಗಾದೆ ಇದೆ: ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು. ಇದು ಎಷ್ಟು ಮನೆಗಳಿಗೆ ಹಾನಿ ಮಾಡಿದೆಯೋ! ಅವತ್ತು ಆ ವ್ಯಾನಿನ ಹತ್ತಿರ ಒಬ್ಬ ಗಂಡಸು ಅತ್ತರು, ಒಬ್ಬ ಹೆಣ್ಣುಮಗಳು ನಕ್ಕಳು. ಇಬ್ಬರೂ ಅಪ್ಪನನ್ನು ಪ್ರೀತಿಸಿದವರೇ. ಆ ಗಾದೆಯನ್ನು ಪಕ್ಕಕ್ಕಿಡಿ.

ಇದರ ಬಗ್ಗೆ ಅಧ್ಯಯನಗಳೂ ಆಗಿವೆ. ಡ್ಯಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಕೂರಿಸಿ, ತೀರಿಕೊಂಡವರ ಬಗ್ಗೆ ಮಾತಾಡಿಸಿದರು. ಮಾತಿನ ನಡುವೆ ಕೆಲವರು ಮನಸಾರೆ, ಕಣ್ಣಂಚೂ ಸುಕ್ಕಾಗುವ ಹಾಗೆ ನಕ್ಕರು. 1997ರಲ್ಲಿ ಅವರು ಬರೆದ ಪ್ರಕಾರ, ಹಾಗೆ ನಕ್ಕವರಲ್ಲಿ ಸಿಟ್ಟು, ಸಂಕಟ ಕಮ್ಮಿ ಇತ್ತು. ಸುತ್ತಲಿನವರ ಜೊತೆ ಸಂಬಂಧವೂ ಚೆನ್ನಾಗಿತ್ತು. ನಕ್ಕರೆ ದುಃಖ ವಾಸಿಯಾಗುತ್ತದೆ ಅಂತ ಇದರ ಅರ್ಥ ಅಲ್ಲ. ನಗುವನ್ನು ಔಷಧಿ ಥರ ಕುಡಿಸಲು ಬರುವುದಿಲ್ಲ. ನಗು ಬಂದರೆ ಪ್ರೀತಿ ಕಮ್ಮಿ ಅಂತ ತಿಳಿಯುವುದು ತಪ್ಪು ಅನ್ನುವುದಕ್ಕೆ ಇದು ಸಾಕು. ಇನ್ನು ನೆದರ್‌ಲ್ಯಾಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಹೇಳಿದ್ದು, ದುಃಖದಲ್ಲಿರುವವರು ಅದರೊಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ, ಮತ್ತೆ ಹೋಗುತ್ತಾರೆ, ಹಾಗೆ ಹೋಗಿ ಬಂದು ಮಾಡುವುದೇ ಸಹಜ ಅಂತ. ಬೆಳಿಗ್ಗೆ ಬಿಕ್ಕಿಬಿಕ್ಕಿ ಅತ್ತು ಸಂಜೆ ಟಿವಿ ನೋಡಿ ನಗುವುದು ನಾಟಕ ಅಲ್ಲ.

ನಿಮ್ಮ ಮಗನದ್ದೂ ಇದೇ. ಒಂಬತ್ತು ವರ್ಷದ ಮಗುವಿಗೆ ಅಜ್ಜ ಇನ್ನು ಬರುವುದಿಲ್ಲ ಅಂತ ಚೆನ್ನಾಗಿಯೇ ಗೊತ್ತು. ದೊಡ್ಡವರು ಕೂತು ಅಳುವ ಹಾಗೆ ಮಕ್ಕಳು ಅಳುವುದಿಲ್ಲ. ಅವನಿಗೆ ಅಜ್ಜನ ಮಾತು ಬೇಕು, ಅದಕ್ಕೆ ಕೂಗುತ್ತಾನೆ. ನಿಲ್ಲಿಸಬೇಡಿ, ಗದರಿಸಬೇಡಿ. "ಅಜ್ಜಿ ಎದ್ದು ಹೋಗುವುದು ನಿನ್ನ ಮೇಲಿನ ಸಿಟ್ಟಿಗಲ್ಲ. ಅಜ್ಜ ಕೂಗಿದ ಮೇಲೆ ಅಜ್ಜಿ ಒಂದು ಮಾತು ಹೇಳ್ತಿದ್ರು ಅಲ್ವಾ, ಅದು ನೆನಪಾಗುತ್ತೆ" ಅಂತ ನಿಜವನ್ನೇ ಹೇಳಿ. ಅವನಿಗೆ ಅರ್ಥವಾಗುತ್ತದೆ. ಇದನ್ನು ಯಾರೂ ಹೇಳದಿದ್ದರೆ, ತಾನೇ ಅಜ್ಜಿಯನ್ನು ಅಳಿಸುತ್ತಿದ್ದೇನೆ ಅಂದುಕೊಂಡು ಒಂದು ದಿನ ಸುಮ್ಮನಾಗಿಬಿಡುತ್ತಾನೆ.

ಪುಣೆಯ ಅಣ್ಣ. ಪತ್ರದಲ್ಲಿ ಅವರ ಬಗ್ಗೆ ಎರಡೇ ಸಾಲು ಇದೆ, ಆದರೆ ನನಗೆ ಜಾಸ್ತಿ ಯೋಚನೆ ಬಂದದ್ದು ಅಲ್ಲೇ. 'ಸ್ಲೋ ಲೋಕಲ್' ಅನ್ನುವುದು ಮನೆಮಂದಿಗೆ ತಮಾಷೆ. ಓದಿನಲ್ಲೋ ಆಟದಲ್ಲೋ ಹಿಂದೆ ಬಿದ್ದ ಹುಡುಗನಿಗೆ ಅದು ಹೆಸರು. ಬಂದ ನೆಂಟರ ಎದುರೆಲ್ಲ ಅದೇ ಹೆಸರಿನಲ್ಲಿ ಕರೆಸಿಕೊಂಡಿರುತ್ತಾರೆ. ಅಪ್ಪ ಕೆಟ್ಟ ಮನಸ್ಸಿನಿಂದ ಅಂದಿರಲಿಕ್ಕಿಲ್ಲ. ಆದರೂ ತಾಗಿದ್ದು ತಾಗಿತು. ಈಗ ಎಲ್ಲರೂ ಸೇರಿ ಅಪ್ಪನ ತಮಾಷೆಗಳ ಹಬ್ಬ ಮಾಡೋಣ ಅಂದರೆ ಅವರು ಏನು ಹೇಳಬೇಕು? ಬೇಡ ಅಂದರೆ ಅಪ್ಪನ ಮೇಲೆ ಸಿಟ್ಟು ಅಂದುಕೊಳ್ಳುತ್ತೀರಿ. ಬೇಕು ಅಂದರೆ ಯಾರೋ ಒಬ್ಬರು ಮೈಕ್‌ನಲ್ಲಿ ಆ ಹೆಸರು ಹೇಳಿಯೇ ಹೇಳುತ್ತಾರೆ. ಅದಕ್ಕೇ ಸುಮ್ಮನಿದ್ದಾರೆ.

ಅಪ್ಪನನ್ನು ಇಡಿಯಾಗಿ ನೆನೆಯಬೇಕಾದರೆ ಇದೂ ಅದರಲ್ಲಿ ಇರಬೇಕು. ನೀವು ಅಣ್ಣನಿಗೆ ಒಂದು ಮಾತು ಹೇಳಿ: "ಆ ಹೆಸರಿನಿಂದ ನಿನಗೆ ಬೇಜಾರಾಗುತ್ತಿತ್ತು ಅಂತ ನಮಗೆ ಆಗ ಹೊಳೆದಿರಲಿಲ್ಲ. ಅದನ್ನು ಯಾರೂ ಎತ್ತದ ಹಾಗೆ ನಾನು ನೋಡಿಕೊಳ್ಳುತ್ತೇನೆ." ಅಷ್ಟು ಹೇಳಿ ಬಿಟ್ಟುಬಿಡಿ. "ಅಪ್ಪ ಪ್ರೀತಿಯಿಂದಲೇ ಕರೀತಿದ್ರು" ಅಂತ ಕೂಡಿಸಬೇಡಿ. ಅದನ್ನು ಅವರು ಬಾಲ್ಯದಿಂದ ಕೇಳಿ ಸಾಕಾಗಿರುತ್ತಾರೆ. ಅಣ್ಣನ ಬಳಿ ಅಪ್ಪನದ್ದೇ ಬೇರೆ ನೆನಪು ಇರುತ್ತದೆ, ಬಹುಶಃ ತಮಾಷೆ ಇಲ್ಲದ ನೆನಪು. ಹೇಳಬೇಕು ಅನ್ನಿಸಿದಾಗ ಹೇಳುತ್ತಾರೆ.

ತಮ್ಮನ ಮೇಲೂ ಸ್ವಲ್ಪ ಕಣ್ಣಿಡಿ. ನಗಿಸುವವರು ಮನೆಯಲ್ಲಿ ಬರೀ ನಗಿಸುತ್ತಿರುವುದಿಲ್ಲ. ಊಟಕ್ಕೆ ಕೂತಾಗ ಮಾತು ಜಗಳದ ಕಡೆ ತಿರುಗಿದರೆ ಅದನ್ನು ಪಕ್ಕಕ್ಕೆ ಸರಿಸುವುದು ಅವರು. ಮುನಿಸಿಕೊಂಡ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಅವರು. ಬಂದ ಅಳಿಯನ ಸಂಕೋಚ ಬಿಡಿಸುವುದೂ ಅವರೇ. ಅವರು ಹೋದ ಮೇಲೆ ಆ ಕೆಲಸ ಮಾಡುವವರಿಲ್ಲದೆ ಮನೆ ಬಿಗಿಯಾಗುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆಗ ಮಕ್ಕಳಲ್ಲಿ ಒಬ್ಬರು, ಹೆಚ್ಚಾಗಿ ಕಿರಿಯರು, ತಾವೇ ಅಪ್ಪನಾಗಲು ಹೊರಡುತ್ತಾರೆ. ನಿಮ್ಮ ತಮ್ಮನ ಉತ್ಸಾಹದಲ್ಲಿ ನನಗೆ ಅದು ಕಾಣುತ್ತಿದೆ. ಎಲ್ಲರನ್ನೂ ನಗಿಸುವ ಭಾರ ಹೊತ್ತವರಿಗೆ ಅಳಲು ಸಮಯವೇ ಸಿಗುವುದಿಲ್ಲ. "ನೀನು ಏನೂ ಮಾಡಬೇಕಾಗಿಲ್ಲ, ಸುಮ್ನೆ ಕೂತ್ಕೋ" ಅಂತ ಅಕ್ಕ ಹೇಳಿದರೆ ಕೇಳುತ್ತಾರೆ.

ಈಗ ಕಾರ್ಯಕ್ರಮ. ಮೈಸೂರು ಅಸೋಸಿಯೇಶನ್ 1926ರಿಂದ ಇರುವ ಸಂಸ್ಥೆ, ಮುಂಬಯಿ ಕನ್ನಡಿಗರು ಎಷ್ಟೋ ನಾಟಕ, ಸಂಗೀತ ಕೇಳಿದ ಜಾಗ. ಹಾಲ್ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಈ ವರ್ಷ ಹಾಲ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವೇದಿಕೆ, ಮೈಕ್, ನಿರೂಪಕರು ಬಂದ ಕೂಡಲೇ ನಮ್ಮ ಬಾಯಿಗೆ ಸಭೆಯ ಮಾತೇ ಬರುತ್ತದೆ. ಸರಳ ಸಜ್ಜನ, ಸ್ನೇಹಜೀವಿ, ಅಜಾತಶತ್ರು, ತುಂಬಲಾರದ ನಷ್ಟ. ನುಡಿನಮನಕ್ಕೆ ಹೋದವರೆಲ್ಲ ಇದನ್ನು ಕೇಳಿರುತ್ತೀರಿ. ಆ ಮಾತುಗಳಲ್ಲಿ ಯಾರ ಅಪ್ಪನ ಹೆಸರು ಹಾಕಿದರೂ ನಡೆಯುತ್ತದೆ. ಬೆನ್ನು ತುರಿಸಲು ಕೈ ಹುಡುಕಿದ ನಿಮ್ಮ ಅಪ್ಪ ಅದರಲ್ಲಿ ಸಿಗುವುದಿಲ್ಲ. ಇನ್ನೊಂದು ಕಡೆ, ತಮಾಷೆಗಳನ್ನೇ ಒಂದರ ಹಿಂದೆ ಒಂದು ಹೇಳಿಸಿದರೆ ಅದು ಅಮ್ಮ ಹೆದರಿದ ಹಾಗೆ ನಾಟಕವೇ ಆಗುತ್ತದೆ. ಅಮ್ಮ ತಪ್ಪೇನೂ ಹೇಳಿಲ್ಲ.

ನನ್ನ ಸಲಹೆ ಇಷ್ಟು. ಎರಡು ದಿನ ಇಟ್ಟುಕೊಳ್ಳಿ. ವರ್ಷಾಬ್ದಿಕ ತಿಥಿಯ ಪ್ರಕಾರ ನಡೆಯುತ್ತದೆ. ಚಾಂದ್ರಮಾನದ ವರ್ಷ ಸುಮಾರು 354 ದಿನ, ಹಾಗಾಗಿ ತಿಥಿ ಸಾಮಾನ್ಯವಾಗಿ ಇಂಗ್ಲಿಷ್ ತಾರೀಕಿಗಿಂತ ಹನ್ನೊಂದು ದಿನದಷ್ಟು ಮೊದಲೇ ಬರುತ್ತದೆ. ನಡುವೆ ಅಧಿಕ ಮಾಸ ಇದ್ದರೆ ಮುಂದಕ್ಕೆ ಹೋಗುತ್ತದೆ. ಹೇಗಿದ್ದರೂ ಎರಡು ಬೇರೆ ಬೇರೆ ದಿನ ನಿಮ್ಮ ಕೈಯಲ್ಲಿರುತ್ತವೆ. ತಿಥಿಯ ದಿನ ಪೂರ್ತಿ ಶಾಸ್ತ್ರಕ್ಕೆ ಬಿಡಿ. ಪುರೋಹಿತರು ಹೇಳಿದ ಹಾಗೆ, ಅಮ್ಮ ಮತ್ತು ಅತ್ತೆಯ ಮನಸ್ಸಿಗೆ ಬಂದ ಹಾಗೆ ನಡೆಯಲಿ. ಅವತ್ತು ತಮಾಷೆಯ ಸುದ್ದಿಯೇ ಬೇಡ. ಶ್ರಾದ್ಧದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಮೂರು ತಲೆಮಾರಿನ ಹೆಸರು ಹಿಡಿದು ಕರೆಯುತ್ತಾರೆ. ಆ ಸಾಲಿನಲ್ಲಿ ನಿಮ್ಮ ಅಪ್ಪನ ಹೆಸರು ಕೇಳುವುದಕ್ಕೆ ಅದರದ್ದೇ ತೂಕ ಇದೆ, ಅದನ್ನು ಹಗುರ ಮಾಡಬಾರದು.

ಇಂಗ್ಲಿಷ್ ತಾರೀಕಿನ ದಿನವೋ ಅದರ ಹತ್ತಿರದ ಭಾನುವಾರವೋ ಮನೆಯಲ್ಲೇ ಊಟಕ್ಕೆ ಕರೆಯಿರಿ. ಟ್ರೇನ್ ಗೆಳೆಯರು, ಬ್ಯಾಂಕಿನ ಒಂದಿಬ್ಬರು, ಹೋಟೆಲಿನ ಕಾಲದವರು ಯಾರಾದರೂ ಇದ್ದರೆ ಅವರು. ಮನೆಯ ಹಾಲ್‌ನಲ್ಲಿ ಹಿಡಿಸುವಷ್ಟು ಜನ ಸಾಕು. ಅಪ್ಪನಿಗೆ ಇಷ್ಟವಾದ ಅಡುಗೆ ಮಾಡಿ. ಕಾರ್ಯಕ್ರಮ ಅಂತ ಏನೂ ಇಡಬೇಡಿ. ಊಟದ ನಡುವೆ ಆ ಗೆಳೆಯರೇ ಶುರು ಮಾಡುತ್ತಾರೆ. ಅಮ್ಮ ಬೇಕಾದರೆ ಕೂರಲಿ, ಬೇಡ ಅನ್ನಿಸಿದರೆ ಒಳಗೆ ಹೋಗಲಿ. ಹಿಂದೆಯೇ ಯಾರೂ ಓಡಬೇಡಿ. ಅಮ್ಮ ಅದೂ ಬೇಡ ಅಂದರೆ ಈ ವರ್ಷ ಬಿಡಿ. ಮುಂದಿನ ವರ್ಷವೂ ಅದೇ ತಾರೀಕು ಬರುತ್ತದೆ.

ಆ ದಿನ ಬರುವ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಅಪ್ಪನ ದನಿ ಹುಡುಕಿಡಿ. ವಾಟ್ಸಾಪ್ ಖಾತೆ 120 ದಿನ ಬಳಸದಿದ್ದರೆ ಕಂಪನಿಯವರು ಅಳಿಸುತ್ತಾರೆ, ಅಪ್ಪನ ಖಾತೆ ಈಗ ಇರಲಿಕ್ಕಿಲ್ಲ. ಆದರೆ ಅವರು ಕಳಿಸಿದ ವಾಯ್ಸ್ ಮೆಸೇಜ್‌ಗಳು ನಿಮ್ಮ, ತಮ್ಮನ, ಗೆಳೆಯರ ಫೋನಿನಲ್ಲಿ ಇದ್ದೇ ಇರುತ್ತವೆ, ಯಾರೂ ಅಳಿಸದಿದ್ದರೆ. ಒಬ್ಬೊಬ್ಬರನ್ನೂ ಕೇಳಿ ತರಿಸಿಕೊಂಡು ಎರಡು ಕಡೆ ಇಡಿ. ಅಪ್ಪನ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಜೊತೆಗೆ ಒಂದು ನೋಟ್‌ಬುಕ್ ಇಟ್ಟು, ಕೇಳಿದ ಮಾತುಗಳನ್ನು ಬರೆದಿಡಿ. ಅವರು ಆಡಿದ ಹಾಗೆಯೇ ಬರೆಯಿರಿ, 'ಮಾರಾಯ್ರೆ' ಇದ್ದರೆ ಇರಲಿ, ನಡುವೆ ಮರಾಠಿ ಬಂದರೆ ಬರಲಿ. ಯಾರ ಎದುರು ಹೇಳಿದ್ದು, ಅವರು ತಿರುಗಿ ಏನು ಅಂದರು ಅನ್ನುವುದನ್ನೂ ಬರೆಯಿರಿ. ಅದಿಲ್ಲದಿದ್ದರೆ ಇನ್ನು ಹತ್ತು ವರ್ಷಕ್ಕೆ ನಿಮ್ಮ ಮಗ ಓದುವಾಗ ಅರ್ಧ ಮಾತು ಮಾತ್ರ ಸಿಗುತ್ತದೆ.

ಉಳಿದದ್ದು ಸೋದರತ್ತೆ. ಅವರನ್ನು ಹಳೇ ಕಾಲದವರು ಅಂತ ಬದಿಗೆ ಸರಿಸಬೇಡಿ. ಅವರಿಗೆ ಅವನು ನಗಿಸುವ ಅಪ್ಪನೂ ಅಲ್ಲ, ಬ್ಯಾಂಕಿನವನೂ ಅಲ್ಲ, ಎಳೆ ವಯಸ್ಸಿನಲ್ಲಿ ಮುಂಬಯಿ ಬಸ್ಸು ಹತ್ತಿದ ತಮ್ಮ. ಕಿರಿಯವನು ಮೊದಲು ಹೋದ ಅನ್ನುವ ಸಂಕಟ ಬೇರೆಯೇ. ಮನೆ ಬಿಟ್ಟು ಹೋಗುವ ಮೊದಲು ಅವನು ತಮಾಷೆ ಮಾಡುತ್ತಿದ್ದನಾ, ಅಥವಾ ಇಲ್ಲಿಗೆ ಬಂದ ಮೇಲೆ ಕಲಿತನಾ ಅನ್ನುವುದನ್ನು ಅವರೊಬ್ಬರೇ ಹೇಳಬಲ್ಲರು. ಪುರೋಹಿತರಿಂದ ತಿಥಿ ಗೊತ್ತಾದ ಕೂಡಲೇ ಮೊದಲ ಫೋನ್ ಅವರಿಗೆ ಹೋಗಲಿ. ತಮ್ಮನ ಕೈಯಲ್ಲಿ ಮಾಡಿಸಬೇಡಿ, ನೀವೇ ಮಾಡಿ. ಊಟದ ವಿಷಯ ಕೊನೆಗೆ ಹೇಳಿದರಾಯಿತು, ಮೊದಲು ಅಪ್ಪನ ಬಾಲ್ಯ ಕೇಳಿ.